ನಮ್ಮ ಮನೆಯವರ ಬಾಲ್ಟಿಕ್ ಉಪವಾಸ

ನಮ್ಮ ಮನೆಯವರ ಹೆಸರು ಬಸಲಿಂಗಯ್ಯ ಹಿರೇಮಠ. ಬಾಯಿಬಿಟ್ಟು ನಾನು ಈ ಹೆಸರು ಹೇಳುವುದಿಲ್ಲ, ಬರೆಯುವುದಕ್ಕೆ ಅಡ್ಡಿಯಿಲ್ಲ. ವಯಸ್ಸು ಐವತ್ತೇಳು. ಮ್ಯಾನ್‌ಹೈಮ್ ಹತ್ತಿರದ ಒಂದು ಕಂಪನಿಯಲ್ಲಿ ಕಾರಿನ ಬ್ರೇಕು ಪರೀಕ್ಷೆ ಮಾಡುವ ಎಂಜಿನಿಯರ್. ದಿನವಿಡೀ ಗಾಡಿ ನಿಲ್ಲುತ್ತದೋ ಇಲ್ಲವೋ ಎಂದು ನೋಡುವ ಈ ಮನುಷ್ಯನಿಗೆ ತಾನು ಮಾತ್ರ ಒಂದು ಕಡೆ ನಿಂತು ಗೊತ್ತಿಲ್ಲ. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಹೇಳುವ ಹಕ್ಕು ನನಗಿದೆ.

ಹೋದ ಜೂನ್‌ನಲ್ಲಿ ಈ ಮಹಾಶಯರು ಒಬ್ಬರೇ ಮೋಟರ್ ಸೈಕಲ್ ಹತ್ತಿ ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ ಎಂದು ಬಾಲ್ಟಿಕ್ ಸಮುದ್ರದ ದಂಡೆಗುಂಟ ಹೊರಟರು. ಹೋಗಿ ಬರಲು ಐದು ಸಾವಿರ ಕಿಲೋಮೀಟರ್. ಸಕ್ಕರೆ ಕಾಯಿಲೆಗೆ ದಿನಕ್ಕೆರಡು ಮಾತ್ರೆ ನುಂಗುವ ಮನುಷ್ಯ! ಬೇಡ ಎಂದು ಎಷ್ಟು ಬಡಕೊಂಡರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಯಾಕೆ ಅಲ್ಲಿಗೇ ಎಂದು ಕೇಳಿದರೆ ಅವರು ಹೇಳುವ ಕಾರಣ ಕೇಳಿ ನೀವು ನಗಬಾರದು. ನಮ್ಮ ಕಾಲದಲ್ಲಿ ರಷ್ಯಾದಿಂದ ಒಂದು ಪತ್ರಿಕೆ ಬರುತ್ತಿತ್ತು. ಓದಿದವರು ಯಾರೋ, ಅದರ ನುಣುಪು ಹಾಳೆಗಳಿಂದ ಶಾಲೆಯ ಪುಸ್ತಕಗಳಿಗೆ ರಟ್ಟು ಹಾಕದ ಮಕ್ಕಳಂತೂ ಇರಲಿಲ್ಲ. ರೋಣದ ಶಾಲೆಯಲ್ಲಿ ಇವರ ಐದನೇ ಇಯತ್ತೆಯ ಗಣಿತ ಪುಸ್ತಕದ ರಟ್ಟಿನ ಮೇಲೆ, ಆಗ ರಷ್ಯಾದ ಕೈಯಲ್ಲಿದ್ದ ಎಸ್ಟೋನಿಯಾದ ಟ್ಯಾಲಿನ್ ಊರಿನ ಚಿತ್ರವಿತ್ತಂತೆ. ಕೆಂಪು ಹೆಂಚಿನ ಗೋಪುರಗಳು, ಹಿಂದೆ ಸಮುದ್ರ, ಒಂದು ಬಿಳಿ ಹಡಗು. ಲೆಕ್ಕ ಬಾರದ ಹುಡುಗ ವರ್ಷಪೂರ್ತಿ ಆ ಹಡಗನ್ನೇ ನೋಡುತ್ತ ಕೂತಿದ್ದ. ಅಷ್ಟೇ ಕಾರಣ. ನನ್ನ ಪುಸ್ತಕದ ಮೇಲೆ ಟ್ರ್ಯಾಕ್ಟರ್ ಹೊಡೆಯುವ ಹೆಂಗಸಿನ ಚಿತ್ರವಿತ್ತು, ಹಾಗಂತ ನಾನು ಟ್ರ್ಯಾಕ್ಟರ್ ಹುಡುಕಿಕೊಂಡು ಹೋಗಲಿಲ್ಲ.

ಗಾಡಿಯ ಹುಚ್ಚು ಮಾತ್ರ ಹಳೆಯದು. ಮದುವೆಯಾದಾಗ ನಾವು ಹುಬ್ಬಳ್ಳಿಯಲ್ಲಿದ್ದೆವು, ಇವರ ಹತ್ತಿರ ಒಂದು ಹಳೆಯ ಯಜ್ದಿ ಇತ್ತು. ಅದರ ಸದ್ದು ವಿದ್ಯಾನಗರದ ತಿರುವಿನಲ್ಲಿ ಕೇಳಿದರೆ ನಾನು ಮನೆಯಲ್ಲಿ ಚಹಾಕ್ಕೆ ಇಡುತ್ತಿದ್ದೆ. ಗುಳೇದಗುಡ್ಡದ ನನ್ನ ತವರಿಗೆ ಅದರ ಮೇಲೆಯೇ ಹೋಗುತ್ತಿದ್ದೆವು. ನವಲಗುಂದ ದಾಟಿದ ಮೇಲೆ ಎರಡೂ ಕಡೆ ಕರಿ ನೆಲ, ನೆತ್ತಿಯ ಮೇಲೆ ಬರೀ ಆಕಾಶ. ನರಗುಂದದಲ್ಲಿ ಇಳಿದು ಮಿರ್ಚಿ ಭಜಿ, ಗಿರಮಿಟ್ಟು. ಸೆರಗು ಚಕ್ರಕ್ಕೆ ಸಿಗದ ಹಾಗೆ ಸುತ್ತಿಕೊಂಡು, ಒಂದು ಕೈ ಇವರ ಹೆಗಲ ಮೇಲಿಟ್ಟು ಕೂತರೆ ನನಗೆ ಲೋಕ ಬೇಡವಾಗಿತ್ತು. ಜರ್ಮನಿಗೆ ಹೊರಟ ವಾರ ಆ ಗಾಡಿಯನ್ನು ರಾಜಣ್ಣ ಎನ್ನುವ ಮೆಕ್ಯಾನಿಕ್‌ಗೆ ಕೊಟ್ಟುಬಿಟ್ಟರು. ಅವನು ಹತ್ತಿಕೊಂಡು ಹೋದ. ಸದ್ದು ಪೂರ್ತಿ ಅಡಗುವವರೆಗೆ ಇವರು ರಸ್ತೆಯಲ್ಲೇ ನಿಂತಿದ್ದರು. ಒಳಗೆ ಬಂದು ಊಟ ಬೇಡ ಅಂದರು.

ಆಮೇಲೆ ಹದಿನೆಂಟು ವರ್ಷ ಬೈಕ್ ಮುಟ್ಟಲಿಲ್ಲ. ಮಗಳು ಭೂಮಿಕಾ ಓದಲು ಆಖೆನ್‌ಗೆ ಹೋಗಿ ಮನೆ ಖಾಲಿಯಾದ ಮೇಲೆ ಹುಚ್ಚು ಮತ್ತೆ ಎದ್ದಿತು. ಇಲ್ಲಿ ಬೈಕ್ ಹತ್ತಬೇಕೆಂದರೆ ಐವತ್ತೈದರಲ್ಲೂ ಫಾರ್‌ಶೂಲೆಗೆ ಸೇರಿ ಡ್ರೈವಿಂಗ್ ಕಲಿಯಬೇಕು, ಹತ್ತೊಂಬತ್ತರ ಹುಡುಗರ ಜೊತೆ ಬೆಂಚಿನ ಮೇಲೆ ಕೂರಬೇಕು. ಕೂತರು. ಮೊದಲ ಸಲ ನಪಾಸಾಗಿ ಬಂದರು.

“ಯಾಕ್ರೀ, ಬಿದ್ರೇನು?” ಅಂದೆ.

“ಎಲ್ಲಿ ಬೀಳೂದು. ಹಾರ್ನ್ ಹೊಡ್ದೆ.”

ಮುಂದೊಂದು ಟ್ರ್ಯಾಕ್ಟರ್ ಹೋಗುತ್ತಿತ್ತಂತೆ. ಹಿಂದೆ ಹಾಕುವಾಗ, ನಾನು ಬಂದೆನಪ್ಪಾ ಎಂದು ಮರ್ಯಾದೆಯಿಂದ ಎರಡು ಸಲ ಹಾರ್ನ್ ಒತ್ತಿದ್ದಾರೆ. ಮುಂದೆ ತಿರುವಿನಲ್ಲಿ ಒಂದು ಸಲ. ಸೈಕಲ್ ಮೇಲಿದ್ದ ಅಜ್ಜಿಗೆ ಒಂದು ಸಲ. ಅಜ್ಜಿ ಹೆದರಿ ಚರಂಡಿಗೆ ಇಳಿದಳು. ಹಿಂದೆ ಕಾರಿನಲ್ಲಿ ಬರುತ್ತಿದ್ದ ಪರೀಕ್ಷಕ ಅಲ್ಲಿಯೇ ನಿಲ್ಲಿಸಿ ಇಳಿಸಿದ. ನಮ್ಮ ಕಡೆ ಹಾರ್ನ್ ಹೊಡೆಯದವನಿಗೆ ಸೊಕ್ಕು ಅಂತಾರೆ, ಇಲ್ಲಿ ಹೊಡೆದವನಿಗೆ. ಮೂರು ದಿನ ನಾನು ನಕ್ಕೆ, ಮೂರು ದಿನ ಅವರು ಮಾತು ಬಿಟ್ಟರು.

ಎರಡನೇ ಸಲ ಪಾಸಾದರು. ಹನ್ನೆರಡು ವರ್ಷ ಹಳೆಯ ಗಾಡಿಯೊಂದನ್ನು ತಂದರು. ಜೂನ್ ಹನ್ನೆರಡಕ್ಕೆ ಹೊರಟೇಬಿಟ್ಟರು. ಸಿಟ್ಟಿದ್ದರೂ ಬುತ್ತಿ ಕಟ್ಟದೆ ಕಳಿಸಲು ನನ್ನಿಂದ ಆಗಲಿಲ್ಲ. ನಲವತ್ತು ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ. ಲಿಥುವೇನಿಯಾ ದಾಟುವ ಮೊದಲೇ ಎಲ್ಲ ಮುಗಿಸಿದರು.

ದಿನಾ ಸಂಜೆ ಫೋನ್ ಬರುತ್ತಿತ್ತು. “ಇಲ್ಲೆ ಕಂಬದ ಮ್ಯಾಲೆಲ್ಲಾ ಕೊಕ್ಕರೆ ಗೂಡು ಅದಾವ, ಮಂದಿ ಕೆಳಗ ಗಾಡಿ ಗಾಲಿ ಇಟ್ಟು ಕೊಟ್ಟಾರ ಅವಕ್ಕ,” ಅನ್ನುವರು. “ನೆಲ ನೋಡಿದ್ರ ಥೇಟ್ ನವಲಗುಂದ. ಜ್ವಾಳದ ಬದ್ಲಿ ರೈ ಅಂತ ಗೋಧಿಯಂಥಾ ಬೆಳಿ ಐತಿ, ಅಷ್ಟ. ಹಿಂದ ನೀ ಕುಂತಂಗ ಆಗಿ ಎರಡು ಸಲ ಹೊಳ್ಳಿ ನೋಡಿದೆ.” ಒಬ್ಬರೇ ಹೋಗುತ್ತೇನೆಂದು ಹಟ ಹಿಡಿದವರು ಯಾರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಆ ಮಾತು ನನಗೆ ಹಿತವಾಗಿತ್ತು.

ಇಲ್ಲೊಂದು ವಿಷಯ ಹೇಳಬೇಕು. ನಾವು ಜಂಗಮರು. ಇವರಿಗೆ ಎಂಟನೇ ವಯಸ್ಸಿಗೆ ಅಯ್ಯಾಚಾರವಾಗಿ ದೀಕ್ಷೆ ಕೊಟ್ಟಾಗ ಕೊರಳಿಗೆ ಹಾಕಿದ ಇಷ್ಟಲಿಂಗ, ಬೆಳ್ಳಿಯ ಕರಡಿಗೆಯಲ್ಲಿ ಎದೆಯ ಮೇಲೆಯೇ ಇತ್ತು. ಬೆಳಗ್ಗೆ ಅದನ್ನು ಎಡಗೈಯಲ್ಲಿಟ್ಟುಕೊಂಡು ವಿಭೂತಿ ಹಚ್ಚಿ, ಹೂವಿಟ್ಟು, ದಿಟ್ಟಿಸಿ ಪೂಜೆ ಮಾಡದೆ ಬಾಯಲ್ಲಿ ಅನ್ನ ಇಡುವವರಲ್ಲ. ಲಿಂಗ ಕಳೆದರೆ ಸಿಗುವವರೆಗೆ ಉಪವಾಸ, ಸಿಗದಿದ್ದರೆ ಗುರುಗಳಿಂದ ಹೊಸದು ಪಡೆಯುವವರೆಗೆ ಉಪವಾಸ ಎಂದು ಇವರ ಅಪ್ಪ ಕಲಿಸಿದ್ದರು. ಈಗ ಯಾರು ಅಷ್ಟು ಪಾಲಿಸುತ್ತಾರೆ? ಇವರು ಪಾಲಿಸುತ್ತಾರೆ. ದಾರಿಯಲ್ಲೂ ಬೆಳಗ್ಗೆ ಬೇಗ ಹೊರಟು, ಯಾವುದಾದರೂ ಕೆರೆಯೋ ಕಡಲೋ ಸಿಕ್ಕಲ್ಲಿ ಕೂತು ಪೂಜೆ ಮುಗಿಸಿ ಆಮೇಲೆ ತಿಂಡಿ ತಿನ್ನುತ್ತಿದ್ದರು.

ಇಪ್ಪತ್ತೆರಡರ ಸಂಜೆ ಲಾಟ್ವಿಯಾದ ತ್ಸೇಸಿಸ್ ಊರಿನ ಹೊರಗೆ ವೆಲ್ತಾ ಎನ್ನುವ ಮುದುಕಿಯ ತೋಟದ ಮನೆಯಲ್ಲಿ ಬಾಡಿಗೆಗೆ ಇಳಿದಿದ್ದರು. ಮರುದಿನ ಅವರ ದೊಡ್ಡ ಹಬ್ಬ, ಬೇಸಿಗೆ ನಡುವಿನದು. ಹಬ್ಬದ ಮುನ್ನಾ ದಿನ ಅಲ್ಲಿಯವರು ಹಿತ್ತಲಿನ ಕಟ್ಟಿಗೆ ಗುಡಿಸಿಲಲ್ಲಿ ಕಲ್ಲು ಕಾಯಿಸಿ ಹಬೆ ಸ್ನಾನ ಮಾಡುತ್ತಾರೆ. ಮುದುಕಿ ಇವರನ್ನೂ ಕರೆದಳು. ಕರೆದರೆ ಒಲ್ಲೆ ಅನ್ನುವ ಜಾಯಮಾನವಲ್ಲ. ಹೋಗಿ ಕೂತರು. ಐದು ನಿಮಿಷಕ್ಕೆ ಎದೆಯ ಮೇಲಿನ ಬೆಳ್ಳಿ ಕಾದು ಚುರ್ ಎಂದು ಸುಟ್ಟಿತು. ಐವತ್ತು ವರ್ಷದಲ್ಲಿ ಮೊದಲ ಸಲ ಅದನ್ನು ತೆಗೆದು ಗುಡಿಸಿಲಿನ ಹೊರಕೋಣೆಯ ಮೊಳೆಗೆ ತೂಗುಹಾಕಿದರು. ಮಿಂದು ಮೈ ಹಗುರಾಗಿ ನಿದ್ದೆ ಬಂತು. ಬೆಳಗ್ಗೆ ಐದಕ್ಕೆ, ಮಳೆ ಬರುವ ಮೊದಲು ಗಡಿ ದಾಟೋಣ ಎಂದು ಗಾಡಿ ಹತ್ತಿದರು.

ಎಸ್ಟೋನಿಯಾದ ಪ್ಯಾರ್ನು ಊರಿನ ಕಡಲ ದಂಡೆಯಲ್ಲಿ ಪೂಜೆಗೆ ಕೂತು ಎದೆಗೆ ಕೈ ಹಾಕಿದಾಗ ಏನೂ ಇರಲಿಲ್ಲ.

ಅಲ್ಲಿಂದ ಟ್ಯಾಲಿನ್ ಬರೀ ಎರಡು ತಾಸು. ಐದನೇ ಇಯತ್ತೆಯಿಂದ ಕಾದ ಊರು. ಇವರು ಗಾಡಿ ತಿರುಗಿಸಿ ನೂರೈವತ್ತು ಕಿಲೋಮೀಟರ್ ಹಿಂದಕ್ಕೆ ಹೋದರು. ವೆಲ್ತಾಳ ಮನೆಗೆ ಬೀಗ, ಹಬೆ ಗುಡಿಸಿಲಿಗೂ ಬೀಗ. ಮುದುಕಿ ಹಬ್ಬಕ್ಕೆ ತಮ್ಮನ ಊರಿಗೆ ಹೋಗಿದ್ದಳು, ಫೋನ್ ಎತ್ತಲಿಲ್ಲ.

ಇದ್ಯಾವುದನ್ನೂ ಅವರು ನನಗೆ ಹೇಳಲಿಲ್ಲ. ಅವತ್ತು ಸಂಜೆ ಫೋನಿನಲ್ಲಿ, “ಆರಾಮ್ ಅದೇನಿ, ಇಲ್ಲೇ ತೋಟದಾಗ ಟೆಂಟ್ ಹಾಕೇನಿ” ಎಂದು ಇಟ್ಟುಬಿಟ್ಟರು. ಆ ದನಿಯಲ್ಲಿ ತೇವ ಇರಲಿಲ್ಲ. ಮೂವತ್ತು ವರ್ಷ ಉಣಬಡಿಸಿದವಳಿಗೆ ಉಂಡ ದನಿ ಯಾವುದು, ಉಣ್ಣದ ದನಿ ಯಾವುದು ಗೊತ್ತಾಗುವುದಿಲ್ಲವೇ? ಮರುದಿನ ಬೆಳಗ್ಗೆ ಬೇಕರಿ ಕೆಲಸಕ್ಕೆ ರಜೆ ಹೇಳಿ ವಿಡಿಯೋ ಕಾಲ್ ಮಾಡಿದೆ. ಅವರ ಕಣ್ಣು ಒಳಗೆ ಹೋಗಿದ್ದವು, ತುಟಿ ಬೆಳ್ಳಗಾಗಿತ್ತು. ಬೀಗ ಹಾಕಿದ ಬಾಗಿಲಿನ ಮುಂದೆ ಮೆಟ್ಟಿಲ ಮೇಲೆ ಕೂತಿದ್ದರು.

“ಖರೇ ಹೇಳ್ರಿ. ಉಂಡೀರೋ ಇಲ್ಲೋ?”

ಆಗ ಎಲ್ಲ ಹೇಳಿದರು.

“ಅಯ್ಯ ಶಿವನ! ಅಂದ್ರ ಮೊನ್ನೆ ಸಂಜಿ ಉಂಡದ್ದು? ಗುಳಿಗಿ?”

“ಹೊಟ್ಟಿ ಖಾಲಿ ಇದ್ದಾಗ ಗುಳಿಗಿ ತಗೋಬಾರದು ಅಂತ ಡಾಕ್ಟರ್ ಅಂದಾನ.”

“ಹೊಟ್ಟಿ ಖಾಲಿ ಬಿಡಬಾರದು ಅಂತನೂ ಅಂದಾನ! ಅದು ಕೇಳಸಲಿಲ್ಲೇನು ನಿಮಗ?”

ಹಿಂದಿನ ದಿನ ಪಕ್ಕದ ತೋಟದವನು ತಲೆಗೆ ಓಕ್ ಎಲೆಯ ದಂಡೆ ಸುತ್ತಿಕೊಂಡು ಬಂದು, ಮುದುಕಿ ಇನ್ನೆರಡು ದಿನಕ್ಕೆ ಬರುತ್ತಾಳೆಂದು ಹೇಳಿ, ಹಬ್ಬದ ಚೀಸನ್ನು, ನಮ್ಮ ಗಿಣ್ಣಿನಂಥದ್ದು, ಬ್ರೆಡ್ ಜೊತೆ ಬಟ್ಟೆಯಲ್ಲಿ ಕಟ್ಟಿ ಕೊಟ್ಟು ಹೋಗಿದ್ದ. ಆ ಗಂಟು ಬಿಚ್ಚದೆ ಪಕ್ಕದಲ್ಲೇ ಇತ್ತು. ತಿನ್ನಿರಿ ಎಂದೆ. ತಲೆ ಅಲ್ಲಾಡಿಸಿದರು. ಕಿಟಕಿ ಒಡೆದು ಒಳಗೆ ಹೋಗಿ ನೋಡಿರಿ ಎಂದೆ.

“ಕಳ್ಳನಂಗ ಒಳಗ ಹೊಕ್ಕು ತಂದ ಲಿಂಗಕ್ಕ ಪೂಜಿ ಮಾಡೂದೇನು? ಮತ್ತ ಅದು ಅಲ್ಲೇ ಐತೋ, ದಾರ್ಯಾಗ ಬಿದ್ದೈತೋ ಯಾರಿಗ್ಗೊತ್ತು. ಮುದುಕಿ ನಾಳೆ ಬರತಾಳ. ನಾಳೆ ತನಕ ನನಗೇನಾಗಂಗಿಲ್ಲ.”

ಹೇಳುತ್ತ ಹೇಳುತ್ತ ಅವರ ಕೈ ನಡುಗುತ್ತಿತ್ತು, ಫೋನ್ ಅಲ್ಲಾಡುತ್ತಿತ್ತು. ಸಕ್ಕರೆ ಇಳಿದರೆ ಮನುಷ್ಯ ಕೂತಲ್ಲೇ ಉರುಳುತ್ತಾನೆ. ಊರೆಲ್ಲ ಹಬ್ಬಕ್ಕೆ ಹೋಗಿದೆ, ಎತ್ತಲು ಒಂದು ನರಪಿಳ್ಳೆ ಇಲ್ಲ. ನನಗೆ ಭಯವೆಂದರೆ ಭಯ. ಭೂಮಿಕಾಳಿಗೆ ಫೋನ್ ಮಾಡಿದರೆ ಅವಳು ಜರ್ಮನ್‌ನಲ್ಲಿ ಅಪ್ಪನಿಗೆ ಬೈದು, “ಅಮ್ಮಾ, ಇದು ಮೆಡಿಕಲ್ ಎಮರ್ಜೆನ್ಸಿ. ಆಂಬುಲೆನ್ಸ್ ಕಳಿಸ್ತೀನಿ,” ಅಂದಳು. ಆಂಬುಲೆನ್ಸ್ ಬಂದರೂ ಈ ಮನುಷ್ಯ ಬಾಯಿ ತೆರೆಯುವುದಿಲ್ಲ ಎನ್ನುವುದು ನನಗೆ ಗೊತ್ತು. ಒಂದು ತಾಸು ತಡಿ ಎಂದೆ.

ಇವರಿಗೆ ಮತ್ತೆ ವಿಡಿಯೋ ಕಾಲ್ ಹಚ್ಚಿದೆ, ಆಗ ನನ್ನ ಬಾಯಲ್ಲಿ ಆ ಮಾತು ಬಂತು. ಹೇಗೆ ಬಂತೋ ಈಗಲೂ ತಿಳಿಯದು.

“ನಂದೈತಿ,” ಅಂದೆ. “ನನ್ನ ಲಿಂಗ. ಕೈಯಾಗ ಹಿಡದು ತೋರಸ್ತೇನಿ. ನೋಡಿ ಕೈಮುಗದು ಉಣ್ರಿ.”

ಅಂದ ಮೇಲೆ ನನಗೇ ಅಳುಕಾಯಿತು. ಯಾಕೆಂದರೆ ನಾನು ಲಿಂಗ ಕಟ್ಟಿಕೊಳ್ಳುವುದನ್ನು ಬಿಟ್ಟು ಹನ್ನೊಂದು ವರ್ಷವಾಗಿತ್ತು. ಆ ವರ್ಷ ನನಗೆ ಗರ್ಭಕೋಶದ ಆಪರೇಷನ್ ಆಯಿತು. ಒಳಗೆ ಒಯ್ಯುವಾಗ ನರ್ಸ್ ಕೊರಳಿನದನ್ನು ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಳು. ನಾನು ಇನ್ನೂ ಹಾಸಿಗೆಯಲ್ಲಿರುವಾಗಲೇ ಗುಳೇದಗುಡ್ಡದಲ್ಲಿ ನಮ್ಮವ್ವ ಅಂಬವ್ವ ತೀರಿಕೊಂಡಳು. ಹೋಗಲು ಆಗಲಿಲ್ಲ. ಅವಳ ಮುಖ ನೋಡಲಿಲ್ಲ, ಮಣ್ಣು ಕೊಡಲಿಲ್ಲ. ಮನೆಗೆ ಬಂದ ಮೇಲೆ ಆ ಚೀಲವನ್ನು ಹಾಗೆಯೇ ಕಪಾಟಿನಲ್ಲಿ ಇಳಕಲ್ ಸೀರೆಗಳ ಕೆಳಗೆ ತುರುಕಿದೆ. ನನಗೆ ದೇವರ ಮೇಲೆ ಸಿಟ್ಟಿತ್ತು. ಸಿಟ್ಟು ಆರಿದ ಮೇಲೆ ನಾಚಿಕೆ ಬಂತು, ನಾಚಿಕೆಯಲ್ಲಿ ವರ್ಷಗಳು ಹೋದವು. ಜಂಗಮರ ಮನೆಯ ಸೊಸೆ ಬರಿಗೊರಳಲ್ಲಿ ತಿರುಗಿದರೂ ಇವರು ಒಂದು ದಿನ, ಒಂದೇ ಒಂದು ದಿನ, ಯಾಕೆ ಎಂದು ಕೇಳಲಿಲ್ಲ. ಗಮನಿಸಿಯೇ ಇಲ್ಲ ಎಂದುಕೊಂಡಿದ್ದೆ. ಗಂಡಸರಿಗೆ ಏನು ಕಾಣುತ್ತದೆ, ಹೇಳಿ.

“ಒಬ್ಬರ ಲಿಂಗ ಇನ್ನೊಬ್ಬರು ಪೂಜಿ ಮಾಡಬಾರದು ಅಂತಾರ,” ಎಂದರು ಅವರು ಮೆಲ್ಲಗೆ.

“ಅನ್ನಲಿ. ನಾ ಇಷ್ಟು ಕೇಳಕೋತೀನಿ, ನೀವು ಇಷ್ಟು ಮಾಡ್ರಿ. ತಡೀರಿ, ಫೋನ್ ಇಡಬ್ಯಾಡ್ರಿ.”

ಕಪಾಟು ತೆಗೆದೆ. ಸೀರೆಗಳ ಕೆಳಗೆ ಕೈಹಾಕಿದೆ. ಚೀಲ ಇಲ್ಲ. ಒಂದೊಂದೇ ಸೀರೆ ಎತ್ತಿ ಕೊಡವಿದೆ. ಇಲ್ಲ. ಎಲ್ಲವನ್ನೂ ನೆಲಕ್ಕೆ ಚೆಲ್ಲಿದೆ. ಯಾವ ಮನೆ ಬದಲಿಸುವಾಗ, ಯಾವ ಕಸದ ಜೊತೆ ಎಸೆದೆನೋ ಎಂದು ಅಳು ಬಂತು. ಅವರ ಉಪವಾಸಕ್ಕೆ ಬೈಯುತ್ತಿದ್ದವಳು ನಾನು, ನನ್ನದು ಎಲ್ಲಿದೆ ಎನ್ನುವುದೇ ನನಗೆ ಗೊತ್ತಿರಲಿಲ್ಲ.

“ಸಿಗವಲ್ದು,” ಎಂದು ಫೋನ್ ಮುಂದೆ ಕೂತು ಅತ್ತೆ. “ನಂದೂ ಸಿಗವಲ್ದುರೀ.”

“ಅಳಬ್ಯಾಡ,” ಅಂದರು. “ಅಲ್ಲಿಲ್ಲ ಅದು. ನನ್ನ ಪೂಜಿ ಪೆಟಿಗಿ ತಗೀ. ಕೆಳಗಿನ ಖಾನೆ.”

ತೆಗೆದೆ. ಒಗೆದು ಮಡಿಸಿದ ಬಿಳಿ ಬಟ್ಟೆಯಲ್ಲಿ ನನ್ನ ಕರಡಿಗೆ. ಬೆಳ್ಳಿ ಎಲ್ಲಿಯೂ ಕಪ್ಪಾಗಿರಲಿಲ್ಲ. ಒಳಗೆ ಲಿಂಗದ ಮೇಲೆ ವಿಭೂತಿ, ವಿಭೂತಿಯ ಮೇಲೆ ನಮ್ಮ ಬಾಲ್ಕನಿಯದೇ ಒಂದು ಕೆಂಪು ಹೂವು, ಹನ್ನೆರಡು ದಿನಕ್ಕೆ ಒಣಗಿದ್ದು. ಹೊರಟ ದಿನ ಬೆಳಗ್ಗೆ ಇಟ್ಟದ್ದು.

“ಯಾವಾಗಿಂದ?” ಅಂದೆ.

“ನೀ ಸೀರಿ ಕೆಳಗ ಇಟ್ಟ ಮರುದಿನದಿಂದ. ನೀ ನಸಿಕಿನಾಗ ಐದಕ್ಕ ಬೇಕರಿ ಕೆಲಸಕ್ಕ ಹೋಗತಿ, ನಾ ಆರಕ್ಕ ಪೂಜಿಗೆ ಕೂಡತೇನಿ. ಎರಡೂ ಒಮ್ಮೆ ಮಾಡತಿದ್ದೆ. ಅದಕ್ಕೂ ದಿನಾ ನೀರು ಬೇಕಲ್ಲ.”

“ನನಗ ಒಂದ ಮಾತು ಹೇಳಬಾರದಿತ್ತೇನು?”

“ಏನಂತ ಹೇಳಲಿ? ನಿಮ್ಮವ್ವನ ಮುಖ ನೋಡಾಕ ನಿನ್ನ ಕಳಸಲಾರದಾಂವ ನಾ. ಯಾವ ಮುಖ ಇಟಗೊಂಡು ಪೂಜಿ ಮಾಡಬಾ ಅನ್ನಲಿ?” ಅಷ್ಟು ಹೇಳಿ, “ಇಲ್ಲಿ ತರಬೇಕಂತ ಮಾಡಿದ್ದೆ. ದಾರ್ಯಾಗ ಕಳದೀತು ಅಂತ ಬಿಟ್ಟು ಬಂದೆ. ನೋಡು, ನಂದ ಕಳಕೊಂಡೆ,” ಎಂದು ಸಣ್ಣಗೆ ನಕ್ಕರು.

ಒಬ್ಬರ ಲಿಂಗ ಇನ್ನೊಬ್ಬರು ಪೂಜೆ ಮಾಡಬಾರದು ಎಂದ ಮಹಾಶಯರು ಇವರೇ! ಜಗಳ ಆಡಲು ಅದು ಹೊತ್ತಲ್ಲ. ಮುಖ ತೊಳೆದು ಬಂದೆ. ಎಡಗೈ ಮೇಲೆ ಇಟ್ಟುಕೊಂಡೆ. ನೀರು ಹನಿಸಿ, ವಿಭೂತಿ ಹಚ್ಚಿ, ಹೊಸ ಹೂವಿಟ್ಟೆ. ಕೈ ಮರೆತಿರಲಿಲ್ಲ. ಲಾಟ್ವಿಯಾದ ಮೆಟ್ಟಿಲ ಮೇಲೆ ಅವರು ಫೋನನ್ನು ಗೋಡೆಗೆ ಒರಗಿಸಿ, ಹಣೆಗೆ ಮೂರು ಬೆರಳು ವಿಭೂತಿ ಎಳೆದು, ಕಣ್ಣು ಮಿಟುಕಿಸದೆ ನನ್ನ ಅಂಗೈಯನ್ನು ನೋಡಿದರು. ಎಷ್ಟು ಹೊತ್ತೋ ಕಾಣೆ. ನನ್ನ ಕೈ ಸೋತಿತು, ನಾನು ಇಳಿಸಲಿಲ್ಲ. ಆಮೇಲೆ ಗಂಟು ಬಿಚ್ಚಿ ಬ್ರೆಡ್ ಮುರಿದು ಬಾಯಿಗಿಟ್ಟರು.

“ಸಾವಕಾಶ ತಿನ್ರಿ. ಗಂಟಲಕ್ಕ ಹತ್ತೀತು.”

“ನೀ ಉಂಡಿಯೇನು?” ಅಂದರು, ಬಾಯಿ ತುಂಬ ಗಿಣ್ಣು.

“ಉಂಡೇನ್ರಿ,” ಅಂದೆ. ಸುಳ್ಳು. ಹಿಂದಿನ ದಿನ ಆ ದನಿ ಕೇಳಿದ ಮೇಲೆ ನನಗೆ ಅನ್ನ ಇಳಿದಿರಲಿಲ್ಲ.

ಮರುದಿನ ವೆಲ್ತಾ ಬಂದಳು. ಕರಡಿಗೆ ಮೊಳೆಗೇ ಇತ್ತು. ಇವರು ಅದನ್ನು ಕಣ್ಣಿಗೊತ್ತಿಕೊಂಡು ಅತ್ತದ್ದನ್ನು ನೋಡಿ ಮುದುಕಿ ಹೆದರಿ ಚಹಾ ಮಾಡಿ ಕೊಟ್ಟಳಂತೆ. ಟ್ಯಾಲಿನ್‌ಗೂ ಹೋದರು. ಧೋ ಧೋ ಮಳೆ. ಗೋಪುರ ಕಂಡವು, ಬಿಳಿ ಹಡಗು ಕಾಣಲಿಲ್ಲ. ಒಂದು ಫೋಟೋ ಕಳಿಸಿದರು, ಅದರಲ್ಲಿ ಅವರ ಹೆಬ್ಬೆರಳೇ ಅರ್ಧ ಇತ್ತು. ಜುಲೈ ನಾಲ್ಕಕ್ಕೆ ಕಪ್ಪಾಗಿ, ಬಳಲಿ, ಖುಷಿಯಾಗಿ ಮನೆಗೆ ಬಂದರು.

ಮರುದಿನ ನಾನು ಬೇಕರಿಗೆ ಹೋಗಲಿಲ್ಲ. ಆರಕ್ಕೆ ಅವರು ಮಿಂದು ಬಂದು ಚಾಪೆಯ ಮೇಲೆ ಕೂತು ಪೆಟ್ಟಿಗೆ ತೆಗೆದರು. ನಾನು ಹೋಗಿ ಪಕ್ಕದಲ್ಲಿ ಕೂತೆ. ಅವರು ಚಾಪೆಯ ಮೇಲೆ ಸರಿದು ಜಾಗ ಕೊಟ್ಟರು. ಹನ್ನೊಂದು ವರ್ಷದ ರೂಢಿ, ಕೈ ಮೊದಲು ಕೆಳಗಿನ ಖಾನೆಗೇ ಹೋಯಿತು. ನನ್ನ ಕರಡಿಗೆ ಹೊರಗೆ ತೆಗೆದು ಬಟ್ಟೆ ಬಿಚ್ಚತೊಡಗಿದರು.

“ಕೊಡ್ರಿ ಇಲ್ಲೆ,” ಎಂದು ಎಡಗೈ ಚಾಚಿದೆ. “ಇನ್ನ ನಂದು ನಾ ನೋಡಕೋತೀನಿ.”